ಮೊದಲು ಒಂದು ಸ್ಟೂಲ್ ಹಾಕಿ, ಕುಂಡ ಆಮೇಲೆ

ಗಿಡ ಬೆಳೆಸುವ ಆಸೆ ಇದೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ. ಮೊದಲು ಒಂದು ಸ್ಟೂಲ್ ಹಾಕಿ. ಮಳೆಯಲ್ಲಿ ನೆಂದರೂ ಹೋಗಲಿ ಬಿಡು ಅನ್ನಿಸುವಂಥ ಹಳೇ ಸ್ಟೂಲ್ ಸಾಕು. ಕುಂಡ, ಮಣ್ಣು, ಬೀಜ ಎಲ್ಲ ಆಮೇಲೆ. ಕೇಳಿದವರು ನಗುತ್ತಾರೆ, ನಗಲಿ. ಕೂರಲು ಜಾಗ ಇಲ್ಲದ ತೋಟಕ್ಕೆ ನಾವು ನೀರು ಹಾಕೋಕೆ ಮಾತ್ರ ಹೋಗುತ್ತೇವೆ, ಆಗ ಅದೂ ಪಾತ್ರೆ ತೊಳೆಯುವ ಹಾಗೆ ಇನ್ನೊಂದು ಕೆಲಸವಾಗುತ್ತದೆ, ಮೂರು ತಿಂಗಳಲ್ಲಿ ಬೇಜಾರು ಬಂದು ಖಾಲಿ ಕುಂಡಗಳು ಒಂದರೊಳಗೊಂದು ಕೂತು ಮೂಲೆ ಸೇರುತ್ತವೆ.

ಮೈಸೂರಿನ ನಮ್ಮ ಮನೆಯ ಹಿತ್ತಿಲನ್ನು ಹಿತ್ತಿಲು ಅನ್ನುವುದೇ ಜಾಸ್ತಿ. ಹಿಂಬಾಗಿಲಿನಿಂದ ಕಾಂಪೌಂಡ್ ಗೋಡೆಗೆ ನಾಲ್ಕು ಹೆಜ್ಜೆ. ಅದರಲ್ಲೇ ಬಟ್ಟೆ ಒಗೆಯುವ ಕಲ್ಲು, ಗ್ಯಾಸ್ ಸಿಲಿಂಡರು, ನೆಲದಲ್ಲಿ ಒಂದು ಕರಿಬೇವು, ಕುಂಡಗಳಲ್ಲಿ ಮಲ್ಲಿಗೆ, ಕನಕಾಂಬರ, ಮರುಗ, ದೊಡ್ಡಪತ್ರೆ, ತಂತಿಗೆ ಹಬ್ಬಿಸಿದ ಹಾಗಲ. ಅಷ್ಟೇ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹತ್ತು ನಿಮಿಷ ಅಲ್ಲಿ ಕೂರುತ್ತೇನೆ. ಮೊಬೈಲ್ ಒಳಗೇ ಇರಲಿ. ಏನೂ ಮಾಡಬೇಡಿ, ಕಳೆ ಕಂಡರೂ ಕೀಳಬೇಡಿ, ಸುಮ್ನೆ ನೋಡಿ.

ಸುಮ್ನೆ ನೋಡಿದರೆ ಏನು ಸಿಗುತ್ತೆ ಅಂತೀರಾ? ಹಾಗಲ ಬಳ್ಳಿಯನ್ನೇ ತಗೊಳ್ಳಿ. ಹಿಡಿಯೋಕೆ ಆಸರೆ ಹುಡುಕುತ್ತ ದಾರದಂಥ ಒಂದು ಎಳೆಯನ್ನು ಅದು ಚಾಚುತ್ತದಲ್ಲ, ಆ ಎಳೆಯ ತುದಿ ತಂತಿ ಹಿಡಿದ ಮೇಲೆ ಸ್ಪ್ರಿಂಗ್ ಥರ ಸುತ್ತಿಕೊಂಡು ಬಳ್ಳಿಯನ್ನು ಹತ್ತಿರ ಎಳೆಯುತ್ತದೆ. ಹತ್ತಿರದಿಂದ ನೋಡಿ, ಅರ್ಧ ದೂರ ಒಂದು ಕಡೆಗೆ ಸುತ್ತಿರುತ್ತದೆ, ನಡುವೆ ಒಂದು ಚೂರು ನೆಟ್ಟಗೆ, ಉಳಿದರ್ಧ ಉಲ್ಟಾ ಸುತ್ತು. ಎರಡೂ ತುದಿ ಬಿಗಿಯಾಗಿರುವಾಗ ಒಂದೇ ಕಡೆಗೆ ಸುತ್ತಿದರೆ ಎಳೆ ತಿರುಚಿಕೊಳ್ಳುತ್ತದೆ, ಅದಕ್ಕೇ ಹಾಗೆ. ನಾನು ಅರವತ್ತು ದಾಟಿದ ಮೇಲೆ ಇದನ್ನು ಕಂಡದ್ದು. ಅವತ್ತೇ ಬಾಗಿಲಿಗೆ ಆ ಎಳೆಯನ್ನೇ ರಂಗೋಲಿ ಮಾಡಿ ಬಿಟ್ಟೆ, ಒಂದು ಸುತ್ತು ಬಲಕ್ಕೆ, ನಡುವೆ ಒಂದು ಚುಕ್ಕಿ, ಆಮೇಲೆ ಎಡಕ್ಕೆ. ಚುಕ್ಕಿ ಎಣಿಸಿ ಅದೇ ಕಮಲ ಬಿಡುತ್ತಿದ್ದ ಕೈಗೆ ಹೊಸ ಬಳ್ಳಿ ಸಿಕ್ಕಿತು. ಎದುರು ಮನೆಯವರು ಯಾವ ಪುಸ್ತಕದ್ದು ಅಂತ ಕೇಳಿದರು! ಬರೆಯುವವರು, ಕಸೂತಿ ಹಾಕುವವರು, ಚಿತ್ರ ಬಿಡಿಸುವವರು ಏನೂ ಹೊಳೆಯುತ್ತಿಲ್ಲ ಅಂತ ಕೂತಿದ್ದರೆ ಒಂದು ಎಲೆಯ ಹಿಂಬದಿ ತಿರುಗಿಸಿ ನೋಡಲಿ.

ಕರಿಬೇವಿನ ವಿಷಯ ಸ್ವಲ್ಪ ಉದ್ದಕ್ಕೆ ಹೇಳಬೇಕು. ಎಲೆಯನ್ನು ಒಂದೊಂದಾಗಿ ಬಿಡಿಸಬೇಡಿ, ಕಡ್ಡಿ ಸಮೇತ ಮುರಿಯಿರಿ. ಗಿಡ ಸೊಂಟದ ಎತ್ತರಕ್ಕೆ ಬಂದಾಗ ಮನಸ್ಸು ಗಟ್ಟಿ ಮಾಡಿ ಕುಡಿ ಚಿವುಟಿ, ಆಗ ಪಕ್ಕದಲ್ಲಿ ಕವಲು ಬರುತ್ತದೆ. ಹುಳಿ ಮಜ್ಜಿಗೆಗೆ ನೀರು ಜಾಸ್ತಿ ಬೆರೆಸಿ ತಿಂಗಳಿಗೆ ಒಂದೆರಡು ಸಲ ಬುಡಕ್ಕೆ ಹಾಕಿ, ನಮ್ಮ ಅತ್ತೆ ಮಾಡುತ್ತಿದ್ದದ್ದೂ ಅದನ್ನೇ. ಇನ್ನು ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಪ್ಪು ಬಿಳಿ ಬಣ್ಣದ ಏನೋ ಕಂಡರೆ ಒರೆಸೋಕೆ ಹೋಗಬೇಡಿ. ಅದು ಚಿಟ್ಟೆಯ ಮರಿಹುಳ. ಹಕ್ಕಿಗಳು ತಿನ್ನದಿರಲಿ ಅಂತ ಆ ವೇಷ. ದೊಡ್ಡದಾದಂತೆ ಹಸಿರಾಗುತ್ತದೆ, ಕಡ್ಡಿಯಲ್ಲಿ ಮುಟ್ಟಿದರೆ ತಲೆ ಹಿಂದಿನಿಂದ ಕೆಂಪಗೆ ಎರಡು ಕೊಂಬು ಹೊರಹಾಕಿ ಘಾಟು ವಾಸನೆ ಬಿಡುತ್ತದೆ. ಮೊದಲೆಲ್ಲ ನಾನು ಕಂಡ ಕೂಡಲೇ ಬೇವಿನೆಣ್ಣೆ ಸೋಪಿನ ನೀರು ಹೊಡೆದು ಕೊಲ್ಲುತ್ತಿದ್ದೆ. ಮೊಮ್ಮಗಳು ಒಂದು ದಿನ, "ಅಜ್ಜಿ, ಒಗ್ಗರಣೆಗೆ ನಿಂಗೆ ನಾಲ್ಕು ಎಲೆ ಸಾಕಲ್ವಾ?" ಅಂದಳು. ಏನು ಹೇಳಲಿ? ಬಿಟ್ಟೆ. ಆ ಹುಳ ಕೊನೆಗೆ ಗೋಡೆ ಪಕ್ಕದ ಕಡ್ಡಿಗೆ ಹೋಗಿ, ಸೊಂಟಕ್ಕೆ ಡಾಬು ಕಟ್ಟಿಕೊಂಡ ಹಾಗೆ ಒಂದು ನೂಲು ಸುತ್ತಿ, ಒರಗಿಕೊಂಡು ಗೂಡಾಯಿತು. ಹತ್ತು ದಿನದ ಮೇಲೆ ಸ್ನಾನಕ್ಕೆ ನೀರು ಕಾಯಿಸಿಟ್ಟು ಬರುವಷ್ಟರಲ್ಲಿ ಚಿಟ್ಟೆ ಹೊರಗಿತ್ತು, ರೆಕ್ಕೆ ಇನ್ನೂ ಮುದುರಿಕೊಂಡೇ ಇತ್ತು, ಅದು ಒಣಗಿ ನೆಟ್ಟಗಾಗುವವರೆಗೆ ನಾವಿಬ್ಬರೂ ಕದಲಲಿಲ್ಲ. ಅವಳಿಗೆ ಸ್ಕೂಲ್ ವ್ಯಾನ್ ತಪ್ಪಿತು, ನನಗೆ ಮಗನಿಂದ ಬೈಗುಳ. ನಿಮ್ಮ ಗಿಡ ಇನ್ನೂ ಮೊಣಕಾಲೆತ್ತರ ಇದ್ದರೆ ಮಾತ್ರ ಹುಷಾರು, ಎರಡೇ ಹುಳ ಇಡೀ ಗಿಡ ಬೋಳಿಸುತ್ತವೆ. ಪಾನಕ ಮಾಡಿದಾಗ ಉಳಿದ ನಿಂಬೆ ಬೀಜವನ್ನು ಒಂದು ಹಳೇ ಡಬ್ಬದಲ್ಲಿ ಹಾಕಿಡಿ, ಸಸಿಯಾದ ಮೇಲೆ ಹುಳಗಳನ್ನು ಅಲ್ಲಿಗೆ ದಾಟಿಸಿ. ನಿಂಬೆ ಎಲೆಯನ್ನೂ ಅವು ತಿನ್ನುತ್ತವೆ.

ಮಲ್ಲಿಗೆಯಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ನರ್ಸರಿಯವನ ಮಾತು ನಂಬಿ ಹಿಡಿಗಟ್ಟಲೆ ಯೂರಿಯಾ ಹಾಕಿದೆ, ಎಲೆ ಕಾಡಿನ ಹಾಗೆ ಬಂತು, ಮೊಗ್ಗು ಒಂದೂ ಇಲ್ಲ. ಡಿಸೆಂಬರ್ ಹೊತ್ತಿಗೆ ಕತ್ತರಿಸಿ, ಕೆಲವು ದಿನ ನೀರು ಕಡಿಮೆ ಮಾಡಿ, ಆಮೇಲೆ ಕೊಟ್ಟಿಗೆ ಗೊಬ್ಬರ ಕೊಟ್ಟು ಬಿಸಿಲಿಗೆ ಇಟ್ಟರೆ ಬೇಸಿಗೆಯಲ್ಲಿ ಅದೇ ಗಿಡ ಮೊಗ್ಗು ಕೊಡುತ್ತದೆ. ದಿನಕ್ಕೆ ಹತ್ತು ಹದಿನೈದು ಮೊಗ್ಗು, ಅರ್ಧ ಮೊಳವೂ ಆಗುವುದಿಲ್ಲ ಅಂತ ಬೇಸರ ಬೇಡ. ನಾಲ್ಕು ಮಲ್ಲಿಗೆ, ಎರಡು ಕನಕಾಂಬರ, ನಡುವೆ ಒಂದು ಕುಡಿ ಮರುಗ ಸೇರಿಸಿ ನೆನೆಸಿದ ಬಾಳೆನಾರಿನಲ್ಲಿ ಕಟ್ಟಿ. ಕದಂಬ ಅನ್ನುತ್ತೇವಲ್ಲ, ಅದು. ಇವತ್ತಿನ ಜೋಡಣೆ ನಾಳೆಗೆ ಇರುವುದಿಲ್ಲ, ಯಾಕೆಂದರೆ ಗಿಡ ದಿನಾ ಬೇರೆ ಲೆಕ್ಕದಲ್ಲಿ ಹೂ ಕೊಡುತ್ತದೆ. ಕನಕಾಂಬರದ ತೆನೆ ಒಣಗಿದ ಮೇಲೆ ಕತ್ತರಿಸಿ ಎಸೆಯುವ ಮುಂಚೆ ಮಕ್ಕಳನ್ನು ಕರೆಯಿರಿ. ಬಲಿತ ಕಾಯಿಗೆ ಎರಡು ಹನಿ ನೀರು ಬಿಟ್ಟರೆ ಪಟ್ ಅಂತ ಸಿಡಿದು ಬೀಜ ಹಾರುತ್ತದೆ. ದೀಪಾವಳಿ ಪಟಾಕಿಗಿಂತ ಚೆನ್ನ, ಕಾಸೂ ಬೇಡ.

ಉಳಿದದ್ದೆಲ್ಲ ಚಿಕ್ಕಪುಟ್ಟದ್ದು. ಕುಂಡದ ತೂತಿನ ಮೇಲೆ ಒಡೆದ ಹೆಂಚಿನ ಚೂರು ಬೋರಲು ಇಡಿ, ನೀರು ಇಳಿಯುತ್ತದೆ, ಮಣ್ಣು ಹೋಗುವುದಿಲ್ಲ. ಬೆರಳು ಚುಚ್ಚಿ ನೋಡಿ, ಮೇಲಿನ ಒಂದು ಇಂಚು ಒಣಗಿದ್ದರೆ ಮಾತ್ರ ನೀರು. ಕೊತ್ತಂಬರಿ ಬೀಜವನ್ನು ಲಟ್ಟಣಿಗೆಯಲ್ಲಿ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಬಿತ್ತಿ, ಹತ್ತು ದಿನವಾದರೂ ಮೊಳಕೆ ಕಾಣದಿದ್ದರೆ ಕೆದಕಬೇಡಿ. ದೊಡ್ಡಪತ್ರೆಗೆ ಒಂದು ಕಡ್ಡಿ ಮುರಿದು ನೆಟ್ಟರೆ ಸಾಕು. ಮನೆಯಲ್ಲಿ ತರಕಾರಿ ಏನೂ ಇಲ್ಲದ ದಿನ ಅದರ ಎಂಟು ಹತ್ತು ಎಲೆಯನ್ನು ಜೀರಿಗೆ, ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ತಂಬುಳಿ.

ಅಂದ ಹಾಗೆ ದಸರಾಕ್ಕೆ ಒಂದು ಮಾತು. ಗೊಂಬೆ ಕೂರಿಸುವವರು ಗೊಂಬೆಗಳ ಮುಂದೆ ಮಾಡುವ ಪುಟ್ಟ ಪಾರ್ಕಿಗೆ ಪ್ಲಾಸ್ಟಿಕ್ ಹುಲ್ಲು ತರಬೇಡಿ, ದಯವಿಟ್ಟು. ಹಬ್ಬಕ್ಕೆ ಹತ್ತು ದಿನ ಮುಂಚೆ ಒಂದು ಹಿಡಿ ರಾಗಿ ರಾತ್ರಿ ನೆನೆಸಿ, ಅಗಲ ತಟ್ಟೆಯಲ್ಲಿ ಎರಡು ಬೆರಳು ಮಣ್ಣು ಹರವಿ ಒತ್ತಾಗಿ ಚೆಲ್ಲಿ, ಎರಡು ದಿನ ಒದ್ದೆ ಬಟ್ಟೆ ಮುಚ್ಚಿ, ಆಮೇಲೆ ಬೆಳಕಿಗೆ ಇಡಿ. ಪಾಡ್ಯದ ಹೊತ್ತಿಗೆ ಎಳೆ ಹಸಿರು ಎದ್ದಿರುತ್ತದೆ. ನಡುವೆ ರಂಗೋಲಿ ಪುಡಿಯಲ್ಲಿ ರಸ್ತೆ, ಅಕ್ಕಪಕ್ಕ ಗೊಂಬೆ. ಹಬ್ಬ ಮುಗಿದ ಮೇಲೆ ತಟ್ಟೆಯನ್ನು ಬೀದಿಗೆ ಬರುವ ಹಸುವಿನ ಮುಂದೆ ಇಡುತ್ತೇವೆ. ಹೋದ ವರ್ಷ ಅವಸರದಲ್ಲಿ ಮಣ್ಣಿನ ಗೊಂಬೆ ಶೆಟ್ಟಿಯಮ್ಮನನ್ನು ಎತ್ತಿಡುವುದು ಮರೆತಿದ್ದೆ. ಹಸು ಸುತ್ತಲಿನ ಪೈರೆಲ್ಲ ಮೇಯ್ದು, ಶೆಟ್ಟಿಯಮ್ಮನನ್ನು ಒಂದು ಸಲ ನೆಕ್ಕಿ ನೋಡಿ, ಬಿಟ್ಟು ಹೋಯಿತು. ಒಂದು ಕಣ್ಣಿನ ಬಣ್ಣ ಮಾತ್ರ ಹೋಗಿದೆ.