ಡಾಕ್ಟರ್ ಇದ್ದಾರೆ, ಕಾರ್ಡ್ ನಡೆಯಲ್ಲ: ಆಗ ಏನು ಮಾಡುವುದು?

ಕಳೆದ ಕಕ್ಕಡದ ಜಡಿಮಳೆಯಲ್ಲಿ ಮಾವನನ್ನು ಕರೆದುಕೊಂಡು ಪೊನ್ನಂಪೇಟೆಯಿಂದ ಬೆಳಿಗ್ಗೆ ಐದಕ್ಕೇ ಹೊರಟೆವು. ತಿತಿಮತಿ, ಹುಣಸೂರು ದಾಟಿ ಮೈಸೂರು ಸೇರಿದಾಗ ಕಾಫಿ ಕುಡಿಯುವ ಹೊತ್ತು. ಆಂಜಿಯೋಗ್ರಾಂಗೆ ದಾಖಲಾಗಬೇಕಿತ್ತು. ಕೌಂಟರಿನ ಹುಡುಗಿ ಆರೋಗ್ಯ ವಿಮೆಯ ಕಾರ್ಡ್ ನೋಡಿ, ‘ಈ ತಿಂಗಳಿಂದ ನಿಮ್ಮ ಕಂಪನಿ ನಡೆಯಲ್ಲ ಸರ್’ ಅಂದಳು. ‘ಹಾಗಾದ್ರೆ ಡಾಕ್ಟರ್ ಇಲ್ವಾ?’ ಅಂತ ಮಾವ ಕೇಳಿದರು. ‘ಡಾಕ್ಟರ್ ಇದ್ದಾರೆ, ಕಾರ್ಡ್ ನಡೆಯಲ್ಲ.’

ಒಂಬತ್ತು ವರ್ಷದಿಂದ ಅದೇ ಡಾಕ್ಟರ್. ಎದೆ ನೋವಿದ್ದರೂ ‘ಪರವಾಗಿಲ್ಲ’ ಅನ್ನುವ ಮನುಷ್ಯ ಇವರು ಅಂತ ಅವರಿಗೆ ಗೊತ್ತು. ಇದನ್ನು ಹೊಸಬರಿಗೆ ಯಾವ ಫೈಲು ಹೇಳುತ್ತೆ?

ಆಸ್ಪತ್ರೆ ಮತ್ತು ವಿಮಾ ಕಂಪನಿ ಚಿಕಿತ್ಸೆಯ ದರಕ್ಕೆ ಒಪ್ಪಂದ ಮಾಡಿಕೊಂಡಿರುತ್ತವೆ. ಅವಧಿ ಮುಗಿದಾಗ ಆಸ್ಪತ್ರೆ ಜಾಸ್ತಿ ಕೇಳುತ್ತೆ, ಕಂಪನಿ ಕೊಡಲ್ಲ ಅನ್ನುತ್ತೆ. ಜಗಳ ಅವರದು, ಬಾಗಿಲಲ್ಲಿ ನಿಲ್ಲುವವರು ನಾವು. 2025ರ ಆಗಸ್ಟ್‌ನಲ್ಲಿ ಉತ್ತರ ಭಾರತದಲ್ಲಿ ಆಸ್ಪತ್ರೆಗಳ ಸಂಘವೇ ತನ್ನ ಸದಸ್ಯರಿಗೆ ಕ್ಯಾಶ್‌ಲೆಸ್, ಅಂದರೆ ಬಿಲ್ಲನ್ನು ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವ ಸೌಲಭ್ಯ, ನಿಲ್ಲಿಸಲು ಹೇಳಿದ್ದು ದೊಡ್ಡ ಸುದ್ದಿಯಾಗಿತ್ತು.

ಮೊದಲು: ನಿಂತಿದ್ದು ಏನು ಅಂತ ಕೇಳಿ

‘ಕಾರ್ಡ್ ನಡೆಯಲ್ಲ’ ಅನ್ನುವ ಮಾತಿಗೆ ಎರಡು ಅರ್ಥ ಇದೆ. ಒಪ್ಪಂದ ಮಾತ್ರ ಮುರಿದಿದ್ದರೆ ಕ್ಯಾಶ್‌ಲೆಸ್ ಇಲ್ಲ, ಅಷ್ಟೇ. ವಿಮೆ ಇದೆ. ನೀವು ಬಿಲ್ ಕಟ್ಟಿ, ಆಮೇಲೆ ಕಂಪನಿಯಿಂದ ಹಣ ವಾಪಸ್ ಕೇಳಬಹುದು. ಆದರೆ ಕಂಪನಿಗಳು ‘ಹೊರಗಿಟ್ಟ ಆಸ್ಪತ್ರೆಗಳು’ ಅಂತ ಇನ್ನೊಂದು ಪಟ್ಟಿ ಇಟ್ಟಿರುತ್ತವೆ. ಆ ಪಟ್ಟಿಯಲ್ಲಿದ್ದರೆ ಬಿಲ್ ಕಟ್ಟಿದರೂ ಹಣ ಬರಲ್ಲ. ಅಪಘಾತ ಅಥವಾ ಜೀವಕ್ಕೆ ಅಪಾಯ ಇದ್ದಾಗ ಮಾತ್ರ, ರೋಗಿ ಸುಧಾರಿಸುವವರೆಗಿನ ಖರ್ಚು ಸಿಗುತ್ತೆ. ಕೌಂಟರಿನವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು ಅಂತಿಲ್ಲ. ಕಂಪನಿಗೇ ಇಮೇಲ್ ಮಾಡಿ, ಉತ್ತರ ಬರವಣಿಗೆಯಲ್ಲಿ ಪಡೆಯಿರಿ. ಇದನ್ನು ಊರಿನಿಂದ ಹೊರಡುವ ಹಿಂದಿನ ವಾರವೇ ಮಾಡಿ. ನಾವು ಮಾಡಿರಲಿಲ್ಲ.

ಆಮೇಲೆ: ಡಾಕ್ಟರನ್ನೇ ಕೇಳಿ

ಇದು ಎಲ್ಲರೂ ಮರೆಯುವ ಮಾತು. ಹೆಚ್ಚಿನ ಪಾಲಿಸಿಗಳಲ್ಲಿ ಹೊರರೋಗಿ ಭೇಟಿಯ ಫೀಸನ್ನು ಹೇಗೂ ನಾವೇ ಕೊಡುತ್ತೇವೆ. ಅಂದರೆ ಡಾಕ್ಟರನ್ನು ನೋಡೋಕೆ ಕಾರ್ಡೇ ಬೇಡ. ತೊಂದರೆ ಇರುವುದು ದಾಖಲಾಗುವಾಗ ಮಾತ್ರ. ಚೀಟಿ ಮಾಡಿಸಿ ಒಳಗೆ ಹೋಗಿ, ಸಂಕೋಚ ಬಿಟ್ಟು ಕೇಳಿ: ‘ನೀವು ಬೇರೆ ಎಲ್ಲಿ ನೋಡ್ತೀರಾ?’ ಮೈಸೂರಿನ ಎಷ್ಟೋ ತಜ್ಞರು ಎರಡು ಮೂರು ಆಸ್ಪತ್ರೆಗಳಿಗೆ ಹೋಗುತ್ತಾರೆ. ನಮ್ಮ ಡಾಕ್ಟರ್ ಮಂಗಳವಾರ ಇನ್ನೊಂದು ಕಡೆ ಇರುತ್ತಿದ್ದರು, ಅಲ್ಲಿ ಕಾರ್ಡ್ ನಡೆಯುತ್ತಿತ್ತು. ಇನ್ನೊಮ್ಮೆ ಹುಣಸೂರು ದಾರಿ ಹಿಡಿಯಬೇಕಾಯಿತು, ಆದರೆ ಕೈ ಅದೇ ಡಾಕ್ಟರದು.

ಕ್ಯಾಶ್‌ಲೆಸ್‌ಗೆ ಇನ್ನೊಂದು ದಾರಿ

2024ರ ಜನವರಿಯಿಂದ ವಿಮಾ ಕಂಪನಿಗಳ ಒಕ್ಕೂಟವಾದ ಜನರಲ್ ಇನ್ಶೂರೆನ್ಸ್ ಕೌನ್ಸಿಲ್ ‘ಕ್ಯಾಶ್‌ಲೆಸ್ ಎವ್ರಿವೇರ್’ ಶುರುಮಾಡಿದೆ. ಕಂಪನಿಯ ಜೊತೆ ಒಪ್ಪಂದ ಇಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಕೇಳಬಹುದು. ಮೊದಲೇ ಗೊತ್ತಿರುವ ಚಿಕಿತ್ಸೆಗೆ 48 ಗಂಟೆ ಮುಂಚೆ, ತುರ್ತಿನಲ್ಲಿ ದಾಖಲಾದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಕೇಳಿ ನೋಡಿ. ಆದರೆ ಆಸ್ಪತ್ರೆಯೂ ಒಪ್ಪಬೇಕು. ಜಗಳ ಬಿಸಿಯಿದ್ದಾಗ ಒಪ್ಪುವುದು ಕಷ್ಟ, ಇದೊಂದನ್ನೇ ನಂಬಿ ಹೊರಡಬೇಡಿ.

ಕೈಯಿಂದ ಕಟ್ಟುವುದಾದರೆ

ಪಾಲಿಸಿಯಲ್ಲಿ ಎರಡು ಸಾಲು ಓದಿಕೊಳ್ಳಿ: ಒಪ್ಪಂದ ಇಲ್ಲದ ಆಸ್ಪತ್ರೆಗೆ ಹೋದರೆ ಇಷ್ಟು ಶೇಕಡಾ ಕಡಿತ ಅಂತ ಇದೆಯೇ, ರೂಮ್ ಬಾಡಿಗೆಗೆ ಮಿತಿ ಇದೆಯೇ. ಮಿತಿ ಮೀರಿದ ರೂಮ್ ಹಿಡಿದರೆ ಬಾಡಿಗೆ ಜೊತೆಗೆ ಬಿಲ್ಲಿನ ಬೇರೆ ಬಾಬ್ತುಗಳಲ್ಲೂ ಕಡಿತ ಆಗಬಹುದು. ಡಿಸ್ಚಾರ್ಜ್ ಸಮ್ಮರಿ, ವಿವರವಾದ ಬಿಲ್, ರಸೀದಿ, ಔಷಧಿ ಚೀಟಿ ಎಲ್ಲದರ ಅಸಲು ಪ್ರತಿ ಬೇಕು. ಕೊಡುವ ಮೊದಲು ಫೋಟೊ ತೆಗೆದಿಡಿ.

ಬೇರೆ ಡಾಕ್ಟರೇ ಗತಿ ಅಂತಾದರೆ

ಬರಿಗೈಯಲ್ಲಿ ಹೋಗಬೇಡಿ. ಚಿಕಿತ್ಸೆಯ ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ನಡತೆ ನಿಯಮ ಹೇಳುತ್ತೆ. ಅರ್ಜಿ ಬರೆದು ಕೊಡಿ, ಅದರ ನಕಲಿಗೆ ಸೀಲ್ ಹಾಕಿಸಿಕೊಳ್ಳಿ. ಆಂಜಿಯೋಗ್ರಾಂ ಸಿಡಿಯನ್ನೂ ಕೇಳಿ, ಬರೀ ರಿಪೋರ್ಟ್ ಸಾಲದು. ಹಳೆ ಡಾಕ್ಟರಿಂದ ಒಂದು ಪುಟ ಬರೆಸಿಕೊಂಡರೆ ಇನ್ನೂ ಒಳ್ಳೆಯದು: ಯಾವ ಮಾತ್ರೆ ಒಗ್ಗಲಿಲ್ಲ, ಯಾವುದನ್ನು ಯಾಕೆ ಬದಲಿಸಿದರು. ಎಲ್ಲವನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ. ನಮ್ಮ ಮಳೆಗಾಲದಲ್ಲಿ ಕಾಗದಕ್ಕೆ ಬೂಸ್ಟು ಹಿಡಿಯೋಕೆ ಎಷ್ಟು ದಿನ ಬೇಕು?

ಸರ್ಕಾರಿ ಕಾರ್ಡಿನವರು

ಮಾಜಿ ಸೈನಿಕರ ಮನೆಗಳು ಕೊಡಗಿನಲ್ಲಿ ಎಷ್ಟಿವೆ ಅಂತ ಹೇಳಬೇಕಿಲ್ಲ. ಅವರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಪಟ್ಟಿಯಿಂದ ನಿಮ್ಮ ಆಸ್ಪತ್ರೆ ಹೊರಬಂದಿದ್ದರೆ ಆ ಯೋಜನೆಯ ಪಾಲಿಕ್ಲಿನಿಕ್‌ನಲ್ಲಿ ಬೇರೆ ಆಸ್ಪತ್ರೆಗೆ ರೆಫರಲ್ ಬರೆಸಿಕೊಳ್ಳಿ. ತುರ್ತಿದ್ದರೆ ಹತ್ತಿರದ ಯಾವ ಆಸ್ಪತ್ರೆಗಾದರೂ ಹೋಗಿ, ಆದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ. ಹಣ ವಾಪಸ್ ಬರುವುದು ನಿಗದಿ ದರದಲ್ಲಿ, ಪೂರ್ತಿ ಬಿಲ್ಲಿಗಲ್ಲ. ಸಹಕಾರ ಸಂಘದ ಸದಸ್ಯರು ರಾಜ್ಯದ ಯಶಸ್ವಿನಿ ಆರೋಗ್ಯ ಯೋಜನೆಯ ಆಸ್ಪತ್ರೆ ಪಟ್ಟಿಯನ್ನೂ ನೋಡಬಹುದು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ.

ದೂರು ಕೊಡುವುದು

ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲಿ ಆಗದಿದ್ದರೆ ವಿಮಾ ನಿಯಂತ್ರಕ ಸಂಸ್ಥೆಯ ದೂರು ವ್ಯವಸ್ಥೆ ಬಿಮಾ ಭರೋಸಾಕ್ಕೆ ದೂರು ಕೊಡಿ, ಸಂಖ್ಯೆ 155255. ಒಂದು ತಿಂಗಳಲ್ಲಿ ಕಂಪನಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸರಿಯಿಲ್ಲದಿದ್ದರೆ, ವಿಮಾ ದೂರುಗಳನ್ನು ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಶುಲ್ಕ ಇಲ್ಲ, ವಕೀಲರೂ ಬೇಡ. ಒಂದು ಮಾತು: ಅವರು ನಿಮ್ಮ ಕ್ಲೇಮಿನ ಹಣ ಕೊಡಿಸಬಹುದು. ಆಸ್ಪತ್ರೆ ಮತ್ತು ಕಂಪನಿಯನ್ನು ರಾಜಿ ಮಾಡಿಸಲಾರರು.

ಕಂಪನಿ ಬದಲಿಸುವುದು

ಹಳೆ ಪಾಲಿಸಿ ಮುಗಿಯುವ 60 ದಿನದಿಂದ 45 ದಿನ ಮುಂಚಿನ ನಡುವೆ ಹೊಸ ಕಂಪನಿಗೆ ಪೋರ್ಟ್ (ವರ್ಗಾವಣೆ) ಅರ್ಜಿ ಹಾಕಬೇಕು. ಆಗ ಹಳೆ ಕಾಯಿಲೆಗೆ ವಿಮೆ ಸಿಗಲು ಈಗಾಗಲೇ ಕಾದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಹೃದಯದ ಕಾಯಿಲೆ ಇರುವವರನ್ನು ಹೊಸ ಕಂಪನಿ ಬೇಡ ಅನ್ನಲೂಬಹುದು. ಅದು ಹೂಂ ಅನ್ನುವವರೆಗೆ ಹಳೆಯದನ್ನು ಬಿಡಬೇಡಿ. ಮುಂದಿನ ವರ್ಷ ಹೊಸ ಕಂಪನಿಗೂ ಅದೇ ಆಸ್ಪತ್ರೆಗೂ ಜಗಳ ಆಗಲ್ಲ ಅಂತ ಯಾರು ಹೇಳಿದ್ದು ಅಂತ ಮಾವ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ. ಆದರೂ ನಮ್ಮ ಪಾಲಿಸಿ ಮುಗಿಯುವುದು ಮಾರ್ಚ್ 10ಕ್ಕೆ, ಜನವರಿ ಮೂರನೇ ವಾರಕ್ಕೆ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿಟ್ಟಿದ್ದೇನೆ. ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ಮರೆತುಹೋಗುತ್ತೆ ನೋಡಿ.