ಕಿಲಿಕ್‌ನ ಕೋಲಿಗೆ ಜಾಗ ಬೇಕು

ಸೋಲ್‌ಕ್ಯಾಲಿಬರ್ 6 ಅನ್ನೋ ಹೊಡೆದಾಟದ ವಿಡಿಯೊ ಗೇಮ್‌ನಲ್ಲಿ ನಾನು ಆಡೋದು ಕಿಲಿಕ್ ಒಬ್ಬನನ್ನೇ. 1998ರ ಮೊದಲ ಸೋಲ್‌ಕ್ಯಾಲಿಬರ್‌ನಲ್ಲೇ ಕೋಲು ಹಿಡಿದು ಬಂದವನು, ಲಿಂಗ್‌-ಶೆಂಗ್‌-ಸು ದೇವಾಲಯದಲ್ಲಿ ಬೆಳೆದ ಅನಾಥ. ಆ ಕೋಲಿನ ಹೆಸರು ಕಲಿಯುಗ! ಅವನ ಹತ್ತಿರ ಇರುವ ಕನ್ನಡಿ ದ್ವಾಪರಯುಗ, ಆಟದ ಇನ್ನೊಂದು ಪಾತ್ರ ಶಿಯಾಂಗ್‌ಹುವಾಳ ಕತ್ತಿ ಕೃತಯುಗ. ಜಪಾನಿನವರು ಮಾಡಿದ ಆಟದಲ್ಲಿ ಅಜ್ಜಿ ಹೇಳುತ್ತಿದ್ದ ಹೆಸರುಗಳು ಕಂಡು ಖುಷಿಯಾಗಿ ಅವನನ್ನೇ ಹಿಡಿದೆ.

ಆದರೆ ತುಂಬಾ ದಿನ ಬರೀ ಸೋಲು. ಚಿಕ್ಕಪ್ಪನ ಮಗ ಟಾಕಿ ಅನ್ನೋ ಪಾತ್ರವನ್ನು ಆಡುತ್ತಾನೆ, ಅವಳದ್ದು ಗಿಡ್ಡ ಕತ್ತಿ, ಹತ್ತಿರ ಬಂದರೆ ಬಿಡೋದೇ ಇಲ್ಲ. ಒಂದಿನ ಅವನೇ ಹೇಳಿದ: "ಅಣ್ಣಾ, ಅಷ್ಟುದ್ದ ಕೋಲಿದೆ, ನೀನ್ಯಾಕೆ ಓಡಿ ಬಂದು ನನ್ ಕೈಗೆ ಸಿಕ್ಕಾಕೊಳ್ತೀಯ?"

ಅವತ್ತು ರಾತ್ರಿ ಟ್ರೈನಿಂಗ್ ಮೋಡ್‌ನಲ್ಲಿ ಟಾಕಿಯನ್ನು ಸುಮ್ನೆ ನಿಲ್ಲಿಸಿದೆ. ಅಡ್ಡ ಬೀಸುವ ಎ ಬಟನ್ ಒತ್ತೋದು, ಒಂಚೂರು ಹಿಂದೆ ಸರಿಯೋದು, ಮತ್ತೆ ಎ. ಕೋಲಿನ ತುದಿ ಮಾತ್ರ ಅವಳಿಗೆ ತಾಗುವ ಜಾಗ ಸಿಗುವ ತನಕ ಇದೇ ಕೆಲಸ. ಇಬ್ಬರ ಮಧ್ಯೆ ಇನ್ನೊಂದಿಬ್ಬರು ನಿಲ್ಲುವಷ್ಟು ಜಾಗ ಇರಬೇಕು. ಅಲ್ಲಿಂದ ಅವಳು ಕತ್ತಿ ಬೀಸಿದರೆ ಗಾಳಿಗೆ ಹೋಗುತ್ತದೆ, ಅವಳ ಕೈ ವಾಪಸ್ ಬರುವಷ್ಟರಲ್ಲಿ ನನ್ನ ಏಟು ಬಿದ್ದಿರುತ್ತದೆ. ಅಂದರೆ ಮೊದಲು ಹೊಡೆಯಬಾರದು, ಕಾಯಬೇಕು. ಬಟನ್ ಮೇಲಿಂದ ಬೆರಳು ತೆಗೆದು ಕಾಯೋದೇ ಜಾಸ್ತಿ ಕಷ್ಟ.

ಮೇಲಿಂದ ಕೆಳಗೆ ಬರುವ ಬಿ ಬಟನ್‌ನ ಏಟಿಗೆ ಬಲ ಜಾಸ್ತಿ. ಆದರೆ ಎದುರಾಳಿ ಪಕ್ಕಕ್ಕೆ ಹೆಜ್ಜೆ ಇಟ್ಟರೆ ಅದು ತಪ್ಪಿಹೋಗಿ ಕಿಲಿಕ್‌ನ ಮೈಯೆಲ್ಲ ತೆರೆದುಕೊಂಡು ನಿಲ್ಲುತ್ತದೆ. ನನ್ನ ತಮ್ಮನಿಗೆ ಎಡಕ್ಕೆ ಸರಿಯುವ ಅಭ್ಯಾಸ ಇದೆ ಅಂತ ಗೊತ್ತಾದ ಮೇಲೆ ಅಡ್ಡ ಬೀಸಲು ಶುರು ಮಾಡಿದೆ. ಅವನು ಸರಿಯೋದು ಬಿಟ್ಟು ಬಗ್ಗತೊಡಗಿದ, ತಲೆ ಮಟ್ಟದ ಬೀಸು ಮೇಲಿಂದಲೇ ಹೋಯಿತು. ಆಗ ಮತ್ತೆ ಬಿ! ಅವನ ಕಾಲು ನೋಡಿಕೊಂಡು ಆಡೋದು ಅಂದರೆ ಇದೇ ಅಲ್ವಾ.

ಇಷ್ಟಾದರೂ ಅವನು ಒಳಗೆ ನುಗ್ಗುತ್ತಾನೆ. ಆಗ ಕೋಲು ಬೀಸಲು ಹೋಗಬೇಡಿ, ತಡವಾಗುತ್ತದೆ. ಮುಂದಕ್ಕೆ ಒತ್ತಿ ಜಿ ಬಟನ್ ಹೊಡೆದು ಗಾರ್ಡ್ ಇಂಪ್ಯಾಕ್ಟ್ ಮಾಡಿ, ಅಂದರೆ ಬಂದ ಏಟನ್ನು ತಳ್ಳಿಹಾಕಿ, ಇಲ್ಲವೇ ಕೆ ಬಟನ್‌ನ ಒದೆ ಕೊಟ್ಟು ಹಿಂದೆ ಬನ್ನಿ, ಮತ್ತೆ ಅದೇ ಜಾಗಕ್ಕೆ.

ಹೋದ ಭಾನುವಾರ ಐದರಲ್ಲಿ ಮೂರು ಆಟ ನನ್ನದು. ಸಂಜೆ ಅವನು ಟಾಕಿಯನ್ನು ಬಿಟ್ಟು ಮಿತ್ಸುರುಗಿಯನ್ನು ಆರಿಸಿಕೊಂಡ. ಆ ಕತ್ತಿ ಉದ್ದ, ನಾನು ನಿಲ್ಲುತ್ತಿದ್ದ ಜಾಗಕ್ಕೂ ಬಂದು ತಾಗಿತು. ಇವತ್ತು ರಾತ್ರಿ ಟ್ರೈನಿಂಗ್ ಮೋಡ್‌ನಲ್ಲಿ ಮಿತ್ಸುರುಗಿಯನ್ನು ನಿಲ್ಲಿಸುತ್ತೇನೆ.