ನೆರಿ-ಇರೊ ಹಾಕುವ ಮೊದಲು ಬಿಳಿಯನ್ನು ಹೊರಗೆ ಕಳಿಸಿ

ರೇಷ್ಮೆ ನೂಲನ್ನು ಹುಲ್ಲಿನ ಬೂದಿಯ ತಿಳಿನೀರಿನಲ್ಲಿ ಬೇಯಿಸಿ, ಎಳೆಗೆ ಮೆತ್ತಿರುವ ಸೆರಿಸಿನ್ ಎಂಬ ಅಂಟನ್ನು ಕಳೆಯುವುದು ಜಪಾನಿನ ಹಳೆಯ ಪದ್ಧತಿ. ಆ ಕೆಲಸಕ್ಕೆ ಅಲ್ಲಿ ‘ನೆರು’ ಎನ್ನುತ್ತಾರೆ. ಇರೊ ಎಂದರೆ ಬಣ್ಣ. ಅಂಟು ಬಿಟ್ಟರೂ ಇನ್ನೂ ಚಲುವೆ (ಬ್ಲೀಚ್) ಕಾಣದ ರೇಷ್ಮೆಯ ನಸುಹಳದಿ ಬಿಳಿಯೇ ನೆರಿ-ಇರೊ. ಚಲುವೆ ಮಾಡಿದರೆ ಅದು ಶಿರೊನೆರಿ, ಅದರ ದಾರಿಯೇ ಬೇರೆ. ಈ ನೆರಿ-ಇರೊವನ್ನು ಜಾಲತಾಣದ ಪುಟಕ್ಕೆ ಹಿನ್ನೆಲೆಯಾಗಿ ಹಾಕುವುದು ಹೀಗೆ.

ಹಂತ 1: ಬಣ್ಣದ ಖಾನೆಯಲ್ಲಿ ಆರ್‌ಜಿಬಿ (ಕೆಂಪು, ಹಸಿರು, ನೀಲಿಯ ಪ್ರಮಾಣ) 237, 228, 205 ಎಂದು ತುಂಬಿ. ಆ್ಯಪ್‌ಗಳಲ್ಲಿ ಸಿದ್ಧವಾಗಿ ಸಿಗುವ ‘ಕ್ರೀಮ್’ ಬೇಡ, ಅದು ಬಿಸ್ಕತ್ತಿನ ಬಣ್ಣ. ಫೋನಿನಲ್ಲಿ ಕಣ್ಣಿಗೆ ತಂಪೆಂದು ಹಾಕಿಕೊಂಡಿರುವ ಹಳದಿ ಪರದೆಯನ್ನು ಮೊದಲು ಆಫ್ ಮಾಡಿ.

ಹಂತ 2: ಕೆಡುವುದು ಇಲ್ಲಿಯೇ. ಹಿನ್ನೆಲೆಗೆ ನೆರಿ-ಇರೊ ಹಾಕಿ, ಅದರ ಮೇಲೆ ಅಚ್ಚಬಿಳಿಯ ಚೌಕಗಳನ್ನು ಇಡುತ್ತಾರೆ. ಕಣ್ಣು ಪುಟದಲ್ಲಿ ಅತಿ ಬೆಳ್ಳಗಿರುವುದನ್ನೇ ಬಿಳಿ ಎಂದು ಒಪ್ಪಿಕೊಳ್ಳುತ್ತದೆ. ಆಗ ರೇಷ್ಮೆ ಹೋಗಿ ಬಿಸಿಲಿಗೆ ಬಿದ್ದ ಹಳೆಯ ಪತ್ರಿಕೆ ಉಳಿಯುತ್ತದೆ. ಚಹಾ ಮಾರುವವರೊಬ್ಬರ ಜಾಲತಾಣವನ್ನು ಸರಿಪಡಿಸಲು ಕುಳಿತಾಗ ನಾನು ಬಿಳಿಯನ್ನು ಹುಡುಕಿ ಹುಡುಕಿ ಹೊರಹಾಕಿದೆ: ಲೋಗೊದ ಹಿಂದೊಂದು ಚೌಕ, ಪೊಟ್ಟಣದ ಚಿತ್ರದ ಸುತ್ತ ಒಂದು, ವಿಳಾಸ ತುಂಬುವ ಖಾನೆಗಳಲ್ಲಿ ಬ್ರೌಸರ್ ತಾನಾಗಿಯೇ ಬಳಿದದ್ದು ಇನ್ನೊಂದು. ಲೋಗೊವನ್ನು ಹಿನ್ನೆಲೆಯಿಲ್ಲದ ಪಿಎನ್‌ಜಿ ಮಾಡಿಸಿ. ಖಾನೆಗಳಿಗೆ ಹಿನ್ನೆಲೆಯ ಬಣ್ಣವನ್ನೇ ಕೊಟ್ಟು ತೆಳುಗೆರೆ ಎಳೆಯಿರಿ. ಚಿತ್ರಗಳನ್ನು ‘ಮಲ್ಟಿಪ್ಲೈ’ಗೆ, ಅಂದರೆ ಚಿತ್ರದ ಬಣ್ಣವನ್ನು ಹಿನ್ನೆಲೆಯೊಂದಿಗೆ ಬೆರೆಸುವ ಆಯ್ಕೆಗೆ, ಹಾಕಿದರೆ ಬಿಳಿ ಮಾಯವಾಗುತ್ತದೆ. ಇದು ಸುಲಭದ ದಾರಿ ನಿಜ, ಆದರೆ ಬೆಳ್ಳಿ ಲೋಟವೂ ಹಿತ್ತಾಳೆಯ ಕಡೆಗೆ ವಾಲುತ್ತದೆ. ಅಂಥ ಚಿತ್ರಗಳ ಅಂಚನ್ನು ಕೈಯಾರೆ ಕತ್ತರಿಸಬೇಕು. ಕ್ಯೂಆರ್ ಕೋಡ್‌ಗೂ ಬಿಳಿ ಬೇಕಿಲ್ಲ, ಕಪ್ಪು ಚುಕ್ಕಿಗಳ ಹಿಂದೆ ನೆರಿ ಇದ್ದರೂ ಫೋನ್ ಓದುತ್ತದೆ. ಏನನ್ನಾದರೂ ಎತ್ತಿ ತೋರಿಸಲೇಬೇಕೇ? ದಂತದ ಬಣ್ಣವಾದ ಜೋಗೆ-ಇರೊ (248, 244, 230) ಇದೆ. ಅದಕ್ಕಿಂತ ಬೆಳ್ಳಗಿನದು ಪುಟದಲ್ಲಿ ಇರಕೂಡದು.

ಹಂತ 3: ಅಕ್ಷರಕ್ಕೆ ಕಂದುಗಪ್ಪು. ಬೂದು ಅಕ್ಷರದ ಶೋಕಿ ಇಲ್ಲಿ ನಡೆಯುವುದಿಲ್ಲ. 118, 118, 118ರ ಬೂದು ಬಿಳಿಯ ಮೇಲೆ, ಅಕ್ಷರ ಸಲೀಸಾಗಿ ಓದಲು ಬೇಕೆನ್ನುವ 4.5ರ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ) ಮಿತಿಯನ್ನು ಹೇಗೋ ದಾಟುತ್ತದೆ. ನೆರಿಯ ಮೇಲೆ ಸುಮಾರು 3.6ಕ್ಕೆ ಕುಸಿಯುತ್ತದೆ. ಬಿಳಿ ಅಕ್ಷರವಂತೂ ಕಾಣುವುದೇ ಇಲ್ಲ.

ಹಂತ 4: ಜೊತೆಗೆ ನೀಲಿ (22, 94, 131) ಅಥವಾ ಬೆಂಗಾರಾ ಎಂಬ ಕೆಮ್ಮಣ್ಣಿನ ಕೆಂಪು (143, 46, 20), ಎರಡರಲ್ಲಿ ಒಂದು ಸಾಕು. ಬೆಂಗಾರಾ ಎಂಬ ಹೆಸರು ಬಂದದ್ದು ನಮ್ಮ ಬಂಗಾಳದಿಂದ.

ಹಂತ 5: ಮುದ್ರಣಕ್ಕೆ ಹೋಗುವುದಾದರೆ ಈ ಬಣ್ಣವನ್ನು ಅಚ್ಚು ಹಾಕಿಸಲೇಬೇಡಿ. ಇಷ್ಟು ತಿಳಿಯಾದ ಬಣ್ಣದಲ್ಲಿ ಮೆಜೆಂಟಾ ಶಾಯಿ ಶೇ 4ರಷ್ಟೇ ಬೀಳುತ್ತದೆ. ಅಗ್ಗದ ಯಂತ್ರದಲ್ಲಿ ಅದು ಗುಲಾಬಿ ಚುಕ್ಕಿಗಳಾಗಿ ಕಣ್ಣಿಗೆ ಹೊಡೆಯುತ್ತದೆ. ಮಿರುಗದ, ನಸುಹಳದಿಯ ಕಾಗದವನ್ನೇ ಕೊಂಡು ಹಿನ್ನೆಲೆಯನ್ನು ಖಾಲಿ ಬಿಡಿ. ಕಾಗದವನ್ನು ಅಂಗಡಿಯ ಟ್ಯೂಬ್‌ಲೈಟಿನಡಿ ಆರಿಸದೆ, ಬಾಗಿಲಾಚೆ ಬೆಳಕಿಗೆ ತಂದು ನೋಡಿ.